ನಮಗೆ ಕಾನೂನು ಕಲಿಸಿದ ಕ್ಲೈಂಟ್‌ಗಳಿಗೆ, ಮತ್ತೆ ಉಳಿದ ಎಲ್ಲರಿಗೂ

ಎಲ್ಲರಿಗೂ ನಮಸ್ಕಾರ. ಈ ಸೆಮೆಸ್ಟರ್ ಮುಗಿಯೋದರ ಜೊತೆಗೆ ಇಮಿಗ್ರೇಷನ್ ಕ್ಲಿನಿಕ್ಕಿನ ಜವಾಬ್ದಾರೀನ ಬೇರೆಯವರ ಕೈಗೆ ಒಪ್ಪಿಸಿದೆ. ಕಾಲೇಜಲ್ಲಿ ಬೀಳ್ಕೊಡುಗೆ ಆಯ್ತು, ಇಂಗ್ಲಿಷಲ್ಲಿ ಹೇಳಬೇಕಾದವರಿಗೆಲ್ಲ ಇಂಗ್ಲಿಷಲ್ಲಿ ಥ್ಯಾಂಕ್ಸ್ ಹೇಳಿದ್ದೂ ಆಯ್ತು. ಆದ್ರೆ ಬೆಂಗಳೂರಲ್ಲಿರೋ ನನ್ನ ಮೇಷ್ಟ್ರುಗಳು, ಮಂಡ್ಯದಲ್ಲಿರೋ ಮನೆಯವರು, ಇಲ್ಲಿ ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ರಾತ್ರಿ ಹೊತ್ತು ಫೋನ್ ಮಾಡಿದ್ರೂ ಬೇಜಾರಿಲ್ದೆ ಎದ್ದು ಬಂದ ಕನ್ನಡ ತೆಲುಗು ಗೆಳತಿಯರು, ಇವರಿಗೆಲ್ಲ ನಾನು ಕನ್ನಡದಲ್ಲೇ ಹೇಳಬೇಕು. ಉದ್ದ ಆಗುತ್ತೆ, ಸಮಯ ಇದ್ದಾಗ ಓದಿ.

ನಾನು ಏನು ಕೆಲಸ ಮಾಡ್ತೀನಿ ಅಂತ ಊರಲ್ಲಿ ತುಂಬಾ ಜನಕ್ಕೆ ಸರಿಯಾಗಿ ಗೊತ್ತಿಲ್ಲ, ಹಂಗಾಗಿ ಎರಡು ಮಾತು. ಡಾಕ್ಟರ್ ಓದೋ ಹುಡುಗರು ವಾರ್ಡಲ್ಲಿ ರೋಗಿ ಪಕ್ಕ ನಿಂತು ಕಲೀತಾರಲ್ಲ, ಲಾ ಸ್ಕೂಲಿನ ಕ್ಲಿನಿಕ್ ಕೂಡ ಹಾಗೇನೆ. ಸ್ಟೂಡೆಂಟ್ಸ್ ನಿಜವಾದ ಕ್ಲೈಂಟಿನ ನಿಜವಾದ ಕೇಸನ್ನ ತಾವೇ ನಡೆಸ್ತಾರೆ, ಪಕ್ಕದಲ್ಲಿ ನಾವು ಸೂಪರ್‌ವೈಸ್ ಮಾಡ್ತಾ ಕೂತಿರ್ತೀವಿ. ಅಮೆರಿಕದಲ್ಲಿ ಇದು ದೊಡ್ಡದಾಗಿ ಬೆಳೆದಿದ್ದು 1968ರಿಂದ ಈಚೆಗೆ, ಫೋರ್ಡ್ ಫೌಂಡೇಷನ್ ದುಡ್ಡು ಕೊಟ್ಟು ಕಾಲೇಜುಗಳಲ್ಲಿ ಕ್ಲಿನಿಕ್ ಶುರು ಮಾಡಿಸಿದ ಮೇಲೆ. ಈಗಂತೂ ಅಮೆರಿಕನ್ ಬಾರ್ ಅಸೋಸಿಯೇಷನ್ ನಿಯಮದ ಪ್ರಕಾರ ಪ್ರತಿ ಸ್ಟೂಡೆಂಟೂ ಕನಿಷ್ಠ 6 ಕ್ರೆಡಿಟ್ ಇಂಥ ಕೈಯಾರೆ ಮಾಡೋ ಕೆಲಸದಿಂದ ಗಳಿಸಲೇಬೇಕು. ಹೊರದೇಶದಿಂದ ಬಂದವರು ಅಮೆರಿಕದಲ್ಲಿ ಉಳೀಬಹುದಾ ಇಲ್ವಾ ಅಂತ ತೀರ್ಮಾನ ಮಾಡೋ ಇಮಿಗ್ರೇಷನ್ ಕೋರ್ಟಲ್ಲೂ ಸ್ಟೂಡೆಂಟ್ಸ್ ನಮ್ಮ ಸೂಪರ್‌ವಿಷನ್ನಲ್ಲಿ ಎದ್ದು ನಿಂತು ವಾದ ಮಾಡಬಹುದು. ಅದು ಯಾಕೆ ಅಷ್ಟು ಮುಖ್ಯ ಅಂದ್ರೆ, ಆ ಕೋರ್ಟಲ್ಲಿ ಸರ್ಕಾರದ ಖರ್ಚಲ್ಲಿ ಲಾಯರ್ ಕೊಡಬೇಕು ಅನ್ನೋ ಹಕ್ಕೇ ಇಲ್ಲ. ಸರ್ಕಾರದ ಕಡೆ ಒಬ್ಬ ಲಾಯರ್ ಇದ್ದೇ ಇರ್ತಾರೆ. ಈ ಕಡೆ ಭಾಷೆ ಬರದ ತಾಯಿ ಒಬ್ಬಳೇ ನಿಂತಿರ್ತಾಳೆ, ಎಷ್ಟೋ ಸಲ ಮಗು ಒಂದೇ ನಿಂತಿರುತ್ತೆ.

ಮೊದಲ ಥ್ಯಾಂಕ್ಸ್ ನಮ್ಮ ಕ್ಲೈಂಟ್‌ಗಳಿಗೆ. ಇದನ್ನ ಔಪಚಾರಿಕವಾಗಿ ಹೇಳ್ತಿಲ್ಲ, ಇಷ್ಟು ವರ್ಷದಲ್ಲಿ ನನಗೆ ಖಚಿತವಾಗಿ ಅರ್ಥ ಆಗಿರೋ ಒಂದು ವಿಷಯ ಇದ್ರೆ ಇದೇ. ಕ್ಲಿನಿಕ್ಕಲ್ಲಿ ಕಲಿಸಿದವರು ಅವರು, ಅವರ ಋಣ ನಮ್ಮ ಮೇಲಿದೆ. ನೀವೇ ಯೋಚಿಸಿ, ನಿಮ್ಮ ಜೀವನದ ಅತಿ ಕೆಟ್ಟ ದಿನಗಳನ್ನ ಇದುವರೆಗೆ ಒಂದು ಕೇಸೂ ನಡೆಸಿರದ ಇಪ್ಪತ್ನಾಲ್ಕು ವಯಸ್ಸಿನ ಹುಡುಗಿ ಮುಂದೆ ಹೇಳ್ಕೋಬೇಕು, ಅವಳು ಬರ್ಕೋತಾಳೆ, ಮುಂದಿನ ವಾರ ಬಂದು ಅದನ್ನೇ ಮತ್ತೆ ಕೇಳ್ತಾಳೆ, ತಾರೀಖು ಹೊಂದ್ತಾ ಇಲ್ಲ ಅಂತಾಳೆ, ಹಂಗೂ ಹಿಂಗೂ ಅವಳ ಮೇಲೆ ನಂಬಿಕೆ ಬರೋ ಹೊತ್ತಿಗೆ ಸೆಮೆಸ್ಟರ್ ಮುಗಿದು ಅವಳು ಹೋಗಿ ಅವಳ ಜಾಗಕ್ಕೆ ಹೊಸ ಹುಡುಗ ಬಂದು ಕೂರ್ತಾನೆ. ಇದನ್ನೆಲ್ಲ ಸಹಿಸ್ಕೊಂಡು "ಪಾಪ ಕಲೀತಾ ಇದಾರೆ, ಕಲೀಲಿ" ಅಂತ ಮತ್ತೆ ಮತ್ತೆ ಬಂದು ಕೂತವರು ಅವರು. ಹೆಸರು, ಊರು, ಗುರುತು ಸಿಗೋ ಯಾವ ವಿವರನೂ ಇಲ್ಲಿ ಬರೆಯಲ್ಲ, ಆದ್ರೆ ಅವರಲ್ಲಿ ಒಬ್ಬೊಬ್ಬರೂ ನೆನಪಿದಾರೆ.

ಈ ಕೆಲಸದ ಬೀಜ ಬಿದ್ದಿದ್ದು ಬೆಂಗಳೂರಲ್ಲಿ. ನ್ಯಾಷನಲ್ ಲಾ ಸ್ಕೂಲ್ ಆಗಿನ್ನೂ ಹೊಸದು, ಮೊದಲ ಬ್ಯಾಚ್ ಸೇರಿದ್ದು 1988ರಲ್ಲಿ. ಮಾಧವ ಮೆನನ್ ಸರ್ ಕಟ್ಟಿದ ಶಾಲೆ ಅದು, ಪುಸ್ತಕದ ಕಾನೂನನ್ನ ಜನರ ಹತ್ತಿರ ತಗೊಂಡು ಹೋಗಬೇಕು ಅನ್ನೋ ಹಟ ಅವರದ್ದು, ಭಾರತದಲ್ಲಿ ಕ್ಲಿನಿಕಲ್ ಪಾಠಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಅವರೇ ಮುಂದು. 2019ರ ಮೇನಲ್ಲಿ ತೀರಿಕೊಂಡ್ರು. ಲೀಗಲ್ ಏಯ್ಡ್ ಕೆಲಸಕ್ಕೆ ಅಂತ ನಾವು ಹುಡುಗಿಯರು ಕಲ್ಲು ಕ್ವಾರಿಗಳ ಕಡೆ ಹೋಗ್ತಿದ್ವಿ, ಅಡ್ವಾನ್ಸ್ ಅಂತ ಒಂದಿಷ್ಟು ದುಡ್ಡು ತಗೊಂಡು ಅದನ್ನ ತೀರಿಸೋಕಾಗದೆ ಗಂಡ ಹೆಂಡ್ತಿ ಮಕ್ಕಳು ಎಲ್ಲಾ ಅಲ್ಲೇ ಉಳ್ಕೊಂಡ ಸಂಸಾರಗಳು. ಜೀತ ನಿಷೇಧದ ಕಾನೂನು ಬಂದಿದ್ದು 1976ರಲ್ಲಿ, ನಾವು ಅವರ ಜೊತೆ ಕೂತು ಮಾತಾಡ್ತಾ ಇದ್ದಿದ್ದು ಅದಾಗಿ ಹತ್ತು ವರ್ಷ ದಾಟಿದ ಮೇಲೆ. ಅಲ್ಲಿ ಒಬ್ಬ ಅಜ್ಜಿ ನನ್ನ ನೋಟ್‌ಬುಕ್ ಮುಚ್ಚಿಸಿ, "ಮೊದ್ಲು ಕೂತ್ಕೊ ಮಗಾ, ಊಟ ಮಾಡು, ಆಮೇಲೆ ಬರ್ಕೊ" ಅಂದಿದ್ರು. ಕ್ಲೈಂಟ್ ಇಂಟರ್‌ವ್ಯೂ ಹೇಗೆ ಶುರು ಮಾಡಬೇಕು ಅಂತ ನನ್ನ ಸ್ಟೂಡೆಂಟ್ಸಿಗೆ ನಾನು ಹೇಳ್ಕೊಟ್ಟಿದ್ದು ಆ ಅಜ್ಜಿಯಿಂದ ಕಲಿತಿದ್ದನ್ನೇ.

ಅವತ್ತು ಕ್ಲಾಸಲ್ಲಿ ಓದಿದ ಒಂದು ತೀರ್ಪು ನನ್ನ ಜೊತೆ ಅಮೆರಿಕಕ್ಕೂ ಬಂತು. 1982ರ ಏಷ್ಯಾಡ್ ಕಾರ್ಮಿಕರ ಕೇಸು, ದೆಹಲಿಯ ಏಷ್ಯನ್ ಗೇಮ್ಸಿಗೆ ಸ್ಟೇಡಿಯಂ ಕಟ್ಟಿದ ಕೂಲಿಗಳದ್ದು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡ್ರೆ ಅದೂ ಬಲವಂತದ ದುಡಿಮೆನೇ, ಹಸಿವು ಬಡತನ ಹಾಕೋ ಒತ್ತಾಯಾನೂ ಒತ್ತಾಯವೇ ಅಂತ ನಮ್ಮ ಸುಪ್ರೀಂ ಕೋರ್ಟ್ ಸಂವಿಧಾನದ 23ನೇ ವಿಧಿ ಇಟ್ಕೊಂಡು ಹೇಳ್ತು. ಇಲ್ಲಿಗೆ ಬಂದು ಓದಿದ್ರೆ 1988ರ ಕೊಜ್ಮಿನ್ಸ್ಕಿ ಕೇಸಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇರೆ ದಿಕ್ಕಿಗೆ ಹೋಗಿದೆ. ಮಿಷಿಗನ್ನಿನ ಒಂದು ಹೈನಿನ ಫಾರ್ಮಲ್ಲಿ ಬುದ್ಧಿ ಬೆಳವಣಿಗೆ ಕಡಿಮೆ ಇದ್ದ ಇಬ್ಬರನ್ನ ವರ್ಷಗಟ್ಟಲೆ ದುಡಿಸ್ಕೊಂಡಿದ್ದ ಕೇಸು ಅದು, ಹೊಡೆತ ಬಡಿತ ಅಥವಾ ಕಾನೂನಿನ ಬೆದರಿಕೆ ಇದ್ರೆ ಮಾತ್ರ ಆ ಹಳೇ ಗುಲಾಮಗಿರಿ ವಿರುದ್ಧದ ಕಾನೂನು ಹಿಡಿಯುತ್ತೆ, ಮನಸ್ಸನ್ನ ಕಟ್ಟಿಹಾಕಿದ್ರೆ ಸಾಲದು ಅಂತ. ಮನುಷ್ಯರನ್ನ ಯಾವುದು ಕಟ್ಟಿಹಾಕುತ್ತೆ ಅನ್ನೋ ವಿಷಯದಲ್ಲಿ ದೆಹಲಿ ಜಡ್ಜ್‌ಗಳಿಗೆ ಗೊತ್ತಿದ್ದಷ್ಟು ವಾಷಿಂಗ್ಟನ್ನಿನವರಿಗೆ ಗೊತ್ತಿರಲಿಲ್ಲ ಅಂತ ನಾನು ಈಗಲೂ ನಂಬ್ತೀನಿ, ಪ್ರತಿ ವರ್ಷ ಈ ಎರಡು ತೀರ್ಪನ್ನ ಅಕ್ಕಪಕ್ಕ ಇಟ್ಟು ಓದಿಸ್ತಿದ್ದೆ, ಅಮೆರಿಕದ ಹುಡುಗರು ಬೆರಗಾಗಿ ಕೂತಿರ್ತಿದ್ರು.

1999ರ ನವೆಂಬರಲ್ಲಿ ಬರ್ಕ್ಲಿ ಊರಲ್ಲಿ ಒಂದು ಅಪಾರ್ಟ್‌ಮೆಂಟಲ್ಲಿ ಹೀಟರಿನ ವಿಷಗಾಳಿಗೆ ಹದಿನೇಳು ವಯಸ್ಸಿನ ಒಬ್ಬ ಹುಡುಗಿ ಸತ್ತಳು. ಆಂಧ್ರದ ಹಳ್ಳಿಯಿಂದ ಕರ್ಕೊಂಡು ಬಂದಿದ್ದ ಹುಡುಗಿ. ಮನೆ ಮಾಲೀಕ ಲಕಿರೆಡ್ಡಿ ಬಾಲಿ ರೆಡ್ಡಿ, ಊರಲ್ಲಿ ತುಂಬಾ ಮನೆಗಳನ್ನ ಬಾಡಿಗೆಗೆ ಕೊಟ್ಟಿದ್ದ ದೊಡ್ಡ ಕುಳ. ಮೊದಲು ಎಲ್ಲರೂ ಅದನ್ನ ಆಕಸ್ಮಿಕ ಅಂತಲೇ ಅಂದ್ಕೊಂಡಿದ್ರು, ಇಲ್ಲೇನೋ ಜೀತದ ವಾಸನೆ ಇದೆ ಅಂತ ಮೊದಲು ಬರೆದಿದ್ದು ಬರ್ಕ್ಲಿ ಹೈಸ್ಕೂಲಿನ ಪತ್ರಿಕೆ ನಡೆಸ್ತಿದ್ದ ಇಬ್ಬರು ಹುಡುಗಿಯರು. ಆಮೇಲೆ ಕೇಸಾಗಿ, ಅವನು ತಪ್ಪೊಪ್ಪಿಕೊಂಡು, 2001ರಲ್ಲಿ ಎಂಟು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಜೈಲು ಶಿಕ್ಷೆ ಆಯ್ತು. ಆಗ ನಾನು ಓಕ್ಲೆಂಡಿನ ಒಂದು ಸಣ್ಣ ಲೀಗಲ್ ಏಯ್ಡ್ ಆಫೀಸಲ್ಲಿದ್ದೆ, ಇಡೀ ಬೇ ಏರಿಯಾದಲ್ಲಿ ತೆಲುಗು ಬರೋ, ಕಾನೂನೂ ಗೊತ್ತಿರೋ, ಯಾರ ಕಡೆಯವರೂ ಅಲ್ಲದ ಜನಕ್ಕಾಗಿ ಪರದಾಡಿದ್ದು ನೆನಪಿದೆ. ನಾವು ದಿನಾ ಓಡಾಡೋ ಬೀದಿಯಲ್ಲೇ, ನಮ್ಮ ಕಡೆಯ ಹುಡುಗಿಯರು! ಸಾಫ್ಟ್‌ವೇರ್ ಕೆಲಸಕ್ಕೆ ಬಂದ ನಮ್ಮ ಜನರಲ್ಲಿ ಎಷ್ಟೋ ಮಂದಿ ಅವತ್ತು ಮೊದಲ ಸಲ ಬೀದಿಗೆ ಬಂದು ಪ್ರತಿಭಟನೆಗೆ ನಿಂತ್ರು. ಅವತ್ತು ನಿಂತವರಲ್ಲಿ ಕೆಲವರು ಆಮೇಲೆ ಇಷ್ಟು ವರ್ಷ ಕ್ಲಿನಿಕ್ಕಿಗೆ ಹೆಗಲು ಕೊಟ್ರು. ಅವರಿಗೆ ಕೈ ಮುಗೀತೀನಿ.

ಮುಂದಿನ ವರ್ಷ, 2000ದ ಅಕ್ಟೋಬರಲ್ಲಿ, ಅಮೆರಿಕದಲ್ಲಿ ಟ್ರಾಫಿಕಿಂಗ್ ವಿರುದ್ಧದ ಕಾನೂನು ಬಂತು, ಟ್ರಾಫಿಕಿಂಗ್ ಅಂದ್ರೆ ಮೋಸದಿಂದ, ಬಲವಂತದಿಂದ ಜನರನ್ನ ತಂದು ದುಡಿಸ್ಕೊಳ್ಳೋ ಮಾನವ ಸಾಗಣೆ. ಅದಕ್ಕೆ ಐದು ವರ್ಷ ಹಿಂದೆ ಕ್ಯಾಲಿಫೋರ್ನಿಯಾದ ಎಲ್ ಮಾಂಟೆ ಅನ್ನೋ ಊರಲ್ಲಿ ಮುಳ್ಳುತಂತಿ ಹಾಕಿದ ಕಟ್ಟಡದೊಳಗೆ ಬಟ್ಟೆ ಹೊಲೀತಿದ್ದ 72 ಥಾಯ್ ಕಾರ್ಮಿಕರು ಸಿಕ್ಕಿದ್ರು, ಆ ಕೇಸೂ ಈ ಕಾನೂನಿಗೆ ಒಂದು ಕಾರಣ. ಹೊಸ ಕಾನೂನು ಮನಸ್ಸಿನ ಮೇಲಿನ ಬಲವಂತನೂ ಲೆಕ್ಕಕ್ಕೆ ತಗೊಳ್ತು, ಕೊಜ್ಮಿನ್ಸ್ಕಿ ತೀರ್ಪು ಮುಚ್ಚಿದ್ದ ಬಾಗಿಲು ಅರ್ಧ ತೆರೀತು. ಟ್ರಾಫಿಕಿಂಗ್‌ಗೆ ಬಲಿಯಾದವರಿಗೆ ಕೊಡೋ ಟಿ ವೀಸಾ ಬಂದಿದ್ದೂ ಆಗಲೇ, ನಾಲ್ಕು ವರ್ಷ ಇಲ್ಲಿರೋಕೆ, ಕೆಲಸ ಮಾಡೋಕೆ ಅನುಮತಿ, ಗಂಡ ಹೆಂಡ್ತಿ ಮಕ್ಕಳನ್ನ ಕರೆಸ್ಕೊಳ್ಳೋಕೆ ದಾರಿ, ಆಮೇಲೆ ಗ್ರೀನ್ ಕಾರ್ಡ್. ವರ್ಷಕ್ಕೆ 5,000 ಜನಕ್ಕೆ ಕೊಡಬಹುದು, ಮೊದಲ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅಷ್ಟು ತುಂಬಲಿಲ್ಲ. ಬಲಿಯಾದವರು ಕಡಿಮೆ ಅಂತ ಅಲ್ಲ, ಅವರು ಇರೋ ಮನೆ ಬಾಗಿಲು ದಾಟಿ ಒಬ್ಬ ಲಾಯರ್ ಹತ್ತಿರ ಬರೋದೇ ಅಷ್ಟು ಕಷ್ಟ. ಇದರ ಪಕ್ಕದಲ್ಲಿ, ಬೇರೆ ಬೇರೆ ಅಪರಾಧಗಳಿಗೆ ಬಲಿಯಾದವರಿಗೆ ಕೊಡೋ ಯು ವೀಸಾ ನೋಡಿ, ವರ್ಷಕ್ಕೆ 10,000, ಅದು 2010ರಿಂದ ತುಂಬ್ತಾನೇ ಇದೆ, ಜನ ವರ್ಷಗಟ್ಟಲೆ ಸಾಲಲ್ಲಿ ಕಾಯ್ತಾ ಇದಾರೆ.

ಟಿ ವೀಸಾ ಅರ್ಜಿಯ ಜೀವ ಇರೋದು ಕ್ಲೈಂಟಿನ ಡಿಕ್ಲರೇಷನ್ನಲ್ಲಿ, ಅಂದ್ರೆ ಅವರ ಕಥೆ ಅವರದೇ ಮಾತಲ್ಲಿ. ಸ್ಟೂಡೆಂಟ್ಸ್ ಶುರುಶುರುವಿಗೆ "ಯಾವ ತಾರೀಖು" ಅಂತ ಕೇಳ್ತಾರೆ. ಹಗಲು ರಾತ್ರಿ ದುಡಿದವರಿಗೆ ತಾರೀಖು ಎಲ್ಲಿಂದ ಬರಬೇಕು? ಒಬ್ಬಾಕೆಗೆ ವಾರದಲ್ಲಿ ಒಂದು ದಿನ ಮಾತ್ರ ಗೊತ್ತಿತ್ತು, ಕಸದ ಲಾರಿ ಬರೋ ದಿನ, ಯಾಕಂದ್ರೆ ಆ ದಿನ ಡಬ್ಬ ಹೊರಗಿಡೋಕೆ ಗೇಟಿನವರೆಗೆ ಬಿಡ್ತಿದ್ರು. ಆ ಗೇಟಲ್ಲೇ ಪಕ್ಕದ ಮನೆಯವರು ಅವಳನ್ನ ಗಮನಿಸಿದ್ದು. ಹಂಗಾಗಿ ನಾವು ಕ್ಯಾಲೆಂಡರ್ ಬದಿಗಿಟ್ಟು ಹಬ್ಬಗಳನ್ನ ಕೇಳೋಕೆ ಶುರು ಮಾಡಿದ್ವಿ, ರಂಜಾನ್ ಮುಂಚೆನಾ ಆಮೇಲಾ, ಕ್ರಿಸ್ಮಸ್ ದೀಪ ಹಾಕಿದ್ರಾ, ಆ ಮನೆ ಮಗು ಆಗ ನಡೀತಿತ್ತಾ ಇನ್ನೂ ಅಂಬೆಗಾಲಾ. ಆ ಮಗು ಬೆಳೆದ ಲೆಕ್ಕದಲ್ಲೇ ಅವಳ ಎಲ್ಲಾ ವರ್ಷಗಳೂ ಒಂದೊಂದಾಗಿ ಸಾಲಿಗೆ ಬಂದ್ವು. ಈ ಉಪಾಯ ನಮಗೆ ಹೇಳಿಕೊಟ್ಟಿದ್ದೂ ಅವಳೇ. ಹೊಡೆತದ ಬಗ್ಗೆ ಸ್ಟೂಡೆಂಟ್ ಕೇಳ್ತಾ ಇದ್ರೆ ಅವಳು ಮತ್ತೆ ಮತ್ತೆ ಸಂಬಳದ ಕಡೆಗೇ ಮಾತು ತಿರುಗಿಸ್ತಿದ್ಲು, "ನಾನು ಕೆಲಸ ಮಾಡಿದೀನಿ, ನನಗೆ ದುಡ್ಡು ಕೊಡಬೇಕು" ಅಂತ. ಕರುಣೆ ಬೇಡ, ಕೂಲಿ ಬೇಕು ಅನ್ನೋ ಆ ಗಟ್ಟಿತನ ನನ್ನ ಎಷ್ಟೋ ಸ್ಟೂಡೆಂಟ್ಸನ್ನ ಲೇಬರ್ ಲಾಯರ್ ಮಾಡಿದೆ.

ಇನ್ನೊಬ್ಬರಿಗೆ ವಿಶೇಷವಾಗಿ ಥ್ಯಾಂಕ್ಸ್ ಹೇಳ್ಬೇಕು, ನಮ್ಮನ್ನ ಬೇಡ ಅಂದವರಿಗೆ. ಟಿ ವೀಸಾಕ್ಕೆ ಸಾಮಾನ್ಯವಾಗಿ ತನಿಖೆಗೆ ಸಹಕರಿಸಬೇಕು, ಮಕ್ಕಳಿಗೆ ಮತ್ತೆ ತೀರಾ ಆಘಾತದಲ್ಲಿರೋರಿಗೆ ವಿನಾಯಿತಿ ಇದೆ. ಎಲ್ಲಾ ದಾಖಲೆ ತಯಾರಾಗಿ ಗೆಲ್ಲೋ ಕೇಸು ಅಂತ ಗ್ಯಾರಂಟಿ ಇದ್ದ ಹೊತ್ತಲ್ಲಿ ಒಬ್ಬಾಕೆ ಬಂದು, ಊರಲ್ಲಿ ನನ್ನ ತಂಗಿಗೆ ತೊಂದ್ರೆ ಆಗುತ್ತೆ, ನಾನು ಪೊಲೀಸ್ ಹತ್ರ ಹೋಗಲ್ಲ, ಅರ್ಜಿನೂ ಬೇಡ ಅಂದ್ರು. ಸ್ಟೂಡೆಂಟ್ ಅತ್ತಳು, ನಾನು ಒಪ್ಪಿಸ್ತೀನಿ ಅವರನ್ನ ಅಂದಳು. ಇಲ್ಲಮ್ಮ, ನಿರ್ಧಾರ ಅವರದ್ದು ಅಂದೆ. ವರ್ಷಗಟ್ಟಲೆ ಒಬ್ಬರೂ ಅವರ ಇಷ್ಟ ಕೇಳಿರಲಿಲ್ಲ, ಈಗ ಲಾಯರ್ ಆದವರೂ ಒಳ್ಳೇದಕ್ಕೇ ಅಂತ ಒತ್ತಾಯ ಮಾಡಿದ್ರೆ ಅವರಿಗೆ ಏನು ಉಳೀತು? ಆ ಫೈಲ್ ಮುಚ್ಚಿದ್ವಿ. ಆ ಸ್ಟೂಡೆಂಟ್ ಈಗ ಬೇರೆ ಕಡೆ ತಾನೇ ಕ್ಲಿನಿಕ್ ನಡೆಸ್ತಾಳೆ, ತನ್ನ ಕ್ಲಾಸಲ್ಲಿ ಮೊದಲ ವಾರ ಹೇಳೋದು ಈ ಕ್ಲೈಂಟ್ ಬಗ್ಗೆನೇ ಅಂತೆ.

ಇಂಟರ್‌ಪ್ರಿಟರ್‌ಗಳೇ, ನಿಮಗೆ ಎಷ್ಟು ಹೇಳಿದ್ರೂ ಕಡಿಮೆ. ಓಕ್ಲೆಂಡಲ್ಲಿ ಗ್ವಾಟೆಮಾಲಾದಿಂದ ಬಂದ ಮಾಮ್ ಭಾಷೆಯ ಜನ ತುಂಬಾ ಇದಾರೆ, ಮಾಯಾ ಜನರ ಭಾಷೆ ಅದು, ಎಷ್ಟೋ ಜನಕ್ಕೆ ಸ್ಪ್ಯಾನಿಷ್ ಬರಲ್ಲ. ಆಗ ಒಬ್ಬರು ಮಾಮ್‌ನಿಂದ ಸ್ಪ್ಯಾನಿಷಿಗೆ, ಇನ್ನೊಬ್ಬರು ಸ್ಪ್ಯಾನಿಷಿಂದ ಇಂಗ್ಲಿಷಿಗೆ, ಒಂದು ಪ್ರಶ್ನೆ ಹೋಗಿ ಉತ್ತರ ಬರೋಕೆ ನಾಲ್ಕು ಸಲ ಬಾಯಿ ಬದಲಾಗಬೇಕು, ಬೆಳಿಗ್ಗೆ ಶುರು ಮಾಡಿದ್ರೆ ಸಂಜೆ ಹೊತ್ತಿಗೆ ಎರಡು ಪುಟ. ಅವರಲ್ಲಿ ಹೆಚ್ಚಿನವರು ಹಗಲು ಬೇರೆ ಕೂಲಿ ಕೆಲಸ ಮಾಡಿ ಬಂದು ಕೂತವರು.

ಒಂದು ಸಲ ನಮ್ಮ ಕನ್ನಡದವರೇ ಒಬ್ಬರು ಬಂದ್ರು, ಮನೆಕೆಲಸಕ್ಕೆ ಅಂತ ಕರ್ಕೊಂಡು ಬಂದು ಪಾಸ್‌ಪೋರ್ಟ್ ಕಿತ್ತಿಟ್ಕೊಂಡಿದ್ರು. ನಾನೇ ಲಾಯರ್, ನಾನೇ ಇಂಟರ್‌ಪ್ರಿಟರ್ ಆಗೋಕೆ ಬರಲ್ಲ. ಕನ್ನಡ ಕೂಟದಲ್ಲಿ ಕೇಳಿದ್ರೆ ನೂರು ಜನ ಓಡಿ ಬರ್ತಾರೆ, ಅದು ನನಗೆ ಗೊತ್ತು, ಆದ್ರೆ ಆಕೆ ನನ್ನ ಕೈ ಹಿಡ್ಕೊಂಡು "ಅಕ್ಕ, ಇಲ್ಲಿಯವರು ಯಾರೂ ಬೇಡಿ, ಅವ್ರಿಗೆ ಇವ್ರು ಗೊತ್ತಿರ್ತಾರೆ" ಅಂದ್ರು. ಪರದೇಶದಲ್ಲಿ ಊರಿನ ಮಾತು ಕೇಳಿದ್ರೆ ನಮಗೆ ಜೀವ ಬಂದ ಹಾಗಾಗುತ್ತೆ, ಆಕೆಗೆ ಅದೇ ಮಾತಲ್ಲಿ ಇಷ್ಟು ದಿನ ಬೈಗುಳ ಬಿದ್ದಿತ್ತು. ಬೇರೆ ರಾಜ್ಯದಲ್ಲಿರೋ ಒಬ್ಬ ರಿಟೈರ್ಡ್ ಟೀಚರಮ್ಮ ಫೋನಲ್ಲೇ ಇಂಟರ್‌ಪ್ರಿಟ್ ಮಾಡಿದ್ರು, ವಾರ ವಾರ, ಒಂದು ಪೈಸೆ ತಗೊಳ್ದೆ, ಮನೆಯವರಿಗೂ ಒಂದಕ್ಷರ ಹೇಳದೆ. ಅಮ್ಮಾ, ನೀವು ಇದನ್ನ ಓದ್ತಿದ್ರೆ, ಆಕೆ ಚೆನ್ನಾಗಿದಾರೆ, ಮಗಳು ಬಂದು ಸೇರಿದಾಳೆ, ಕಾಲೇಜಿಗೆ ಹೋಗ್ತಿದಾಳೆ, ನಿಮಗೆ ಹೇಳಬಹುದು ಅಂತ ಆಕೆನೇ ಒಪ್ಪಿಗೆ ಕೊಟ್ಟಿದಾರೆ.

ನನ್ನ ಸ್ಟೂಡೆಂಟ್ಸ್. 2017ರ ಜನವರಿಯಲ್ಲಿ ಕೆಲವು ಮುಸ್ಲಿಂ ದೇಶಗಳವರು ಅಮೆರಿಕಕ್ಕೆ ಬರದ ಹಾಗೆ ತಡೆದ ಆ ಟ್ರಾವೆಲ್ ಬ್ಯಾನ್ ಬಂದ ಮಾರನೇ ದಿನ ನಾನು ಫೋನ್ ಮಾಡೋ ಮುಂಚೆನೇ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ನೆಲದ ಮೇಲೆ ಕೂತಿದ್ರು. 2025ರಲ್ಲಿ ಅದೇ ಊರಿನ ಇಮಿಗ್ರೇಷನ್ ಕೋರ್ಟಿನ ಕಾರಿಡಾರಲ್ಲೇ ಇಮಿಗ್ರೇಷನ್ ಅಧಿಕಾರಿಗಳು ಹಿಯರಿಂಗ್ ಮುಗಿಸಿ ಬಂದವರನ್ನ ಹಿಡಿಯೋಕೆ ಶುರು ಮಾಡಿದಾಗ ಈಗಿನ ಬ್ಯಾಚಿನವರು ಕ್ಲೈಂಟ್‌ಗಳ ಜೊತೆ ಬಾಗಿಲಿಂದ ಬಾಗಿಲಿಗೆ ನಡೆದ್ರು. ಪರೀಕ್ಷೆ ಹತ್ತಿರ ಇತ್ತು, ಒಬ್ಬರೂ ಹಿಂದೆ ಸರೀಲಿಲ್ಲ. ರಾತ್ರಿ ನಿದ್ದೆ ಬರಲ್ಲ ಮೇಡಂ ಅಂತ ನನ್ನ ರೂಮಿಗೆ ಬಂದು ಕೂತವರು, ಎಲ್ಲರೂ ಸೇರಿ ಕೇಸು ಚರ್ಚಿಸೋ ಕೇಸ್ ರೌಂಡ್ಸಲ್ಲಿ ಒಬ್ಬರಿಗೊಬ್ಬರು ನೀರು ಕೊಟ್ಕೊಂಡು ಮಾತಾಡಿದವರು, ಎಲ್ಲರಿಗೂ ನನ್ನ ಪ್ರೀತಿ. 2008ರಲ್ಲಿ ಸಿಗ್ನಲ್ ಅನ್ನೋ ಹಡಗು ಕಂಪನಿಯ ನಮ್ಮ ಇಂಡಿಯಾದ ವೆಲ್ಡರ್‌ಗಳು ಕ್ಯಾಂಪ್ ಬಿಟ್ಟು ಹೊರಗೆ ಬಂದು ವಾಷಿಂಗ್ಟನ್ನಿಗೆ ಸತ್ಯಾಗ್ರಹ ಅಂತ ಹೊರಟ್ರಲ್ಲ, ಕತ್ರೀನಾ ಚಂಡಮಾರುತ ಆದ್ಮೇಲೆ ಗ್ರೀನ್ ಕಾರ್ಡ್ ಆಸೆ ತೋರಿಸಿ, ಸಾವಿರಾರು ಡಾಲರ್ ಕೀಳಿಸಿ ತಂದಿದ್ದ ಸುಮಾರು ಐನೂರು ಜನ, ಆ ಕೇಸನ್ನ ನಾವು ಕ್ಲಾಸಲ್ಲಿ ವರ್ಷ ವರ್ಷ ಹಿಂಬಾಲಿಸಿದ್ವಿ. 2015ರಲ್ಲಿ ನ್ಯೂ ಆರ್ಲಿಯನ್ಸಿನ ಜ್ಯೂರಿ ಮೊದಲ ಐದು ಜನಕ್ಕೇ 1 ಕೋಟಿ 40 ಲಕ್ಷ ಡಾಲರ್ ಕೊಡಬೇಕು ಅಂದ ದಿನ ಹಳೇ ಸ್ಟೂಡೆಂಟ್ಸಿಂದ ಬಂದ ಮೆಸೇಜುಗಳನ್ನ ಇನ್ನೂ ಇಟ್ಕೊಂಡಿದೀನಿ.

ಕ್ಲಿನಿಕ್ಕಿನ ಪ್ಯಾರಾಲೀಗಲ್ ಅಕ್ಕನಿಗೆ, ಒಂದು ಫೈಲೂ ಕಳೆಯದ ಹಾಗೆ ನೋಡ್ಕೊಂಡಿದ್ದಕ್ಕೆ. ಫೀಸಿಲ್ಲದೆ ರಿಪೋರ್ಟ್ ಬರೆದುಕೊಟ್ಟ ಸೈಕಾಲಜಿಸ್ಟುಗಳಿಗೆ, ಮನೆ ಹುಡುಕಿಕೊಟ್ಟ ಸೋಶಿಯಲ್ ವರ್ಕರುಗಳಿಗೆ, ಸಹಿ ಹಾಕೋ ಜಾಗದಲ್ಲಿ ಕೂತು ಕ್ಲೈಂಟ್ ಮಾತನ್ನ ತಾಳ್ಮೆಯಿಂದ ಕೇಳಿ, ತನಿಖೆಗೆ ಸಹಕರಿಸಿದಾರೆ ಅನ್ನೋ ಪತ್ರಕ್ಕೆ ಸಹಿ ಹಾಕಿದ ಕೆಲವು ಪೊಲೀಸ್ ಆಫೀಸರುಗಳಿಗೆ. ನನಗಿಂತ ಹಿಂದಿನ ತಲೆಮಾರಿನ ಕ್ಲಿನಿಕಲ್ ಟೀಚರುಗಳಿಗೆ, ನಮ್ಮನ್ನೂ ಪ್ರೊಫೆಸರ್ ಅಂತ ಲೆಕ್ಕಕ್ಕೆ ತಗೊಳ್ಳಿ, ವರ್ಷ ವರ್ಷ ಕಾಂಟ್ರ್ಯಾಕ್ಟ್ ಅಂತ ಅಲೆದಾಡಿಸಬೇಡಿ ಅಂತ ನೀವು ಹೋರಾಡಿದ್ದಕ್ಕೇ ನಾನು ಈ ಕೆಲಸದಲ್ಲಿ ಉಳ್ಕೊಂಡೆ.

ಅಪ್ಪ ಅಮ್ಮನಿಗೆ. ಮಗಳು ವಕೀಲಿ ಓದಿ ಕೋರ್ಟಲ್ಲಿ ಜಡ್ಜ್ ಆಗ್ತಾಳೆ ಅಂತ ಕಾದಿದ್ದ ಅಪ್ಪ, ನಾನು ಏನು ಮಾಡ್ತೀನಿ ಅಂತ ಒಂದು ಸಲ ಕೂತು ಪೂರ್ತಿ ಕೇಳಿಸ್ಕೊಂಡು, "ಹಂಗಾದ್ರೆ ಜೀತ ಬಿಡಿಸೋ ಕೆಲಸ ಅನ್ನು" ಅಂದ್ರು, ಆಮೇಲೆ ಊರಲ್ಲಿ ಎಲ್ಲರಿಗೂ ಹಾಗೇ ಹೇಳ್ಕೊಂಡು ಬಂದ್ರು. ನಮ್ಮ ಯಜಮಾನ್ರಿಗೆ, ಮಕ್ಕಳಿಗೆ, ಹಬ್ಬದ ದಿನ ಫೋನ್ ಬಂದ್ರೆ ಎಲೆ ಮುಂದಿಂದ ಎದ್ದು ಹೋಗು ಅಂತ ನೀವೇ ಕಳಿಸಿದ್ರಿ.

ಇನ್ಮೇಲೆ ವರ್ಷದಲ್ಲಿ ಕೆಲವು ತಿಂಗಳು ಬೆಂಗಳೂರಲ್ಲಿ ಇರ್ತೀನಿ. ನಮ್ಮಲ್ಲಿ 1987ರ ಲೀಗಲ್ ಸರ್ವೀಸಸ್ ಕಾಯ್ದೆ ಪ್ರಕಾರ ಟ್ರಾಫಿಕಿಂಗ್‌ಗೆ, ಬಿಟ್ಟಿ ದುಡಿಮೆಗೆ ಬಲಿಯಾದವರಿಗೆ ಆದಾಯ ಎಷ್ಟಿದ್ರೂ ಉಚಿತ ಲಾಯರ್ ಸಿಗಬೇಕು, ಅಮೆರಿಕದ ಇಮಿಗ್ರೇಷನ್ ಕೋರ್ಟಲ್ಲಿ ಇಲ್ಲದ ಹಕ್ಕು ಅದು, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆ ಕಡೆ ಲಾ ಕಾಲೇಜುಗಳಲ್ಲಿ ಕ್ಲಿನಿಕ್ ನಡೆಸ್ತಿರೋ ಟೀಚರ್‌ಗಳು ಕರೆದ್ರೆ ಬಂದು ಕೂತು ಕೆಲಸ ಮಾಡ್ತೀನಿ. ಅಮೆರಿಕದಲ್ಲಿರೋ ನಮ್ಮವರಲ್ಲಿ ಒಂದು ವಿನಂತಿ, ಅಕ್ಕಪಕ್ಕದಲ್ಲಿ ಪಾಸ್‌ಪೋರ್ಟ್ ತನ್ನ ಹತ್ರ ಇಲ್ಲದ, ಒಬ್ಬಳೇ ಹೊರಗೆ ಬರದ, ಸಂಬಳದ ಮಾತೆತ್ತಿದ್ರೆ ಗಾಬರಿ ಆಗೋ ಮನೆಕೆಲಸದಾಕೆ ಕಂಡ್ರೆ ಆ ಮನೆಯವರನ್ನ ನೇರವಾಗಿ ಕೇಳೋಕೆ ಹೋಗಬೇಡಿ, ಅದರಿಂದ ಆಕೆಗೇ ಅಪಾಯ. ರಾಷ್ಟ್ರೀಯ ಟ್ರಾಫಿಕಿಂಗ್ ಹಾಟ್‌ಲೈನ್ ನಂಬರ್ 1-888-373-7888, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತೆ, ಬೇರೆ ಭಾಷೆ ಮಾತಾಡೋರಿಗೆ ಇಂಟರ್‌ಪ್ರಿಟರ್ ಸಿಗ್ತಾರೆ. ಇಂಡಿಯಾದಲ್ಲಿ ಕಾನೂನು ನೆರವಿಗೆ 15100, ಮಕ್ಕಳ ವಿಷಯಕ್ಕೆ 1098. ಫೋನಲ್ಲಿ ಸೇವ್ ಮಾಡಿಟ್ಕೊಳ್ಳಿ.